ಬೋವಿಕಾನ: ಹೆಸರಿನೊಳಗಿನ ಕಾಡು

ಚೆರ್ಕಳದಿಂದ ಜಾಲ್ಸೂರಿಗೆ ಸಾಗುವ ರಸ್ತೆಯಲ್ಲಿ, ಮುಳಿಯಾರು ಪಂಚಾಯತಿನ ಮುಖ್ಯ ಪೇಟೆಯಾಗಿ ಬೆಳೆಯುತ್ತಿರುವ ಊರು ಬೋವಿಕಾನ. ಪಶ್ಚಿಮಕ್ಕೆ ಕಾಸರಗೋಡು ನಗರ, ಪೂರ್ವಕ್ಕೆ ಸುಳ್ಯದ ಘಟ್ಟದ ತಪ್ಪಲು. ಸಮೀಪದ ಪೊವ್ವಲ್‌ನಲ್ಲಿ 1993ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಪೇಟೆಯ ಸೌಕರ್ಯ, ಕಾಡಿನ ನೆರಳು, ಪಯಸ್ವಿನಿ ಹೊಳೆಯ ಸಾಮೀಪ್ಯ ಇವು ಒಂದೆಡೆ ದೊರೆಯುವುದೇ ಇಲ್ಲಿ ನೆಲೆಸುವುದರ ಆಕರ್ಷಣೆ. ಆದರೆ ‘ಪ್ರಕೃತಿಯ ಮಡಿಲು’ ಎಂಬ ರೂಢಿಯ ಮಾತು ನೋಟವನ್ನಷ್ಟೇ ಹೇಳುತ್ತದೆ. ಬಾಳುವ ಬಗೆಯನ್ನು ತಿಳಿಸುವುದು ಊರ ನುಡಿ.

ಹೆಸರಿನಿಂದಲೇ ತೊಡಗಬಹುದು. ‘ಕಾನ’ ಎಂದರೆ ಕಾಡು. ಮಲೆನಾಡಿನ ‘ಕಾನು’ ಅದರ ಒಡಹುಟ್ಟು. ನೆರೆಯ ಕಾರಡ್ಕ, ಬೇಡಡ್ಕಗಳಲ್ಲಿರುವ ‘ಅಡ್ಕ’ವು ಮುರಕಲ್ಲಿನ ಬಯಲನ್ನು ಸೂಚಿಸುತ್ತದೆ. ಎಲ್ಲಿ ಮರ ಬೆಳೆದೀತು, ಎಲ್ಲಿ ಹುಲ್ಲಷ್ಟೇ ಚಿಗುರೀತು ಎಂಬ ತಿಳಿವಳಿಕೆಯನ್ನು ಈ ಹೆಸರುಗಳು ಕಾಪಿಟ್ಟಿವೆ.

ನೀರಿನ ಪದಗಳೂ ಹಾಗೆಯೇ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಯಂತ್ರದ ನೆರವಿಲ್ಲದೆ ನೀರನ್ನು ಹೊರಹರಿಸುವ ‘ಸುರಂಗ’ ಈ ಪ್ರದೇಶದ ವಿಶಿಷ್ಟ ಜಲಮೂಲ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣುಗಳಿಂದ ಕಟ್ಟುವುದು ‘ಕಟ್ಟ’. ಅದು ಒಬ್ಬರ ಕೆಲಸವಲ್ಲ. ತೋಟದವರೆಲ್ಲ ಕೂಡಿದರೆ ಮಾತ್ರ ಬೇಸಿಗೆಯ ನೀರು ನಿಲ್ಲುತ್ತದೆ. ಕಾಸರಗೋಡು ನಗರಕ್ಕೆ ಕುಡಿಯುವ ನೀರೊದಗಿಸುವ ಮುಳಿಯಾರಿನ ಬಾವಿಕ್ಕೆರೆಯಲ್ಲಿಯೂ, ಏರಿಬರುವ ಉಪ್ಪುನೀರನ್ನು ತಡೆಯಲು ಕಾಯಂ ಅಣೆಕಟ್ಟು ಆಗುವವರೆಗೆ ವರ್ಷವರ್ಷವೂ ಮರಳಿನ ಚೀಲಗಳ ತಾತ್ಕಾಲಿಕ ಕಟ್ಟ ಬೇಕಾಗುತ್ತಿತ್ತು.

ಈ ಸಾಮೀಪ್ಯಕ್ಕೆ ಬೆಲೆಯೂ ಇದೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸಂತ್ರಸ್ತ ಪಂಚಾಯತುಗಳಲ್ಲಿ ಮುಳಿಯಾರೂ ಒಂದು. ಸಂತ್ರಸ್ತರ ಪುನರ್ವಸತಿ ಗ್ರಾಮಕ್ಕೆ ಆಯ್ದದ್ದೂ ಇಲ್ಲಿಯ ನೆಲವನ್ನೇ. ದೂರದಿಂದ ಕಾಣುವ ಹಸುರು ಎಲ್ಲವೂ ಕಾಡಲ್ಲ ಎಂಬ ಪಾಠವನ್ನು ಈ ಊರು ಕಠಿನವಾಗಿ ಕಲಿತಿದೆ. ಇತ್ತ ಕಾಡಾನೆಗಳು ಅಡಿಕೆ, ಬಾಳೆ ತೋಟಗಳಿಗೆ ನುಗ್ಗುತ್ತವೆ. ಅವನ್ನು ತಡೆಯಲು ಕಾರಡ್ಕ ಬ್ಲಾಕ್ ಪಂಚಾಯತಿನ ಮುಂದಾಳತ್ವದಲ್ಲಿ ತೂಗು ಸೌರಬೇಲಿಯ ಯೋಜನೆ ರೂಪುಗೊಂಡಿತು. ಹೊಸದಾಗಿ ಬರುವವರಿಗೆ ಆನೆ ಸುದ್ದಿಯಾದರೆ, ಇಲ್ಲಿಯ ಕೃಷಿಕರಿಗೆ ಅದು ನೆರೆಹೊರೆ.

1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕಾಸರಗೋಡಿನ ಕನ್ನಡದ ಚರ್ಚೆ ಹೆಚ್ಚಾಗಿ ಶಾಲೆ, ಕಚೇರಿ, ಉದ್ಯೋಗಗಳ ಸುತ್ತ ನಡೆದಿದೆ. ಅದು ಅಗತ್ಯವೇ. 2021ರಲ್ಲಿ ಊರುಗಳ ಕನ್ನಡ, ತುಳು ಹೆಸರುಗಳು ಬದಲಾಗಲಿವೆ ಎಂಬ ಸುದ್ದಿ ಕಳವಳ ಮೂಡಿಸಿದಾಗ ಕೇರಳ ಸರಕಾರ ಅದನ್ನು ಅಲ್ಲಗಳೆಯಿತು. ಆದರೆ ಹೆಸರು ಸವೆಯಲು ಆದೇಶವೇ ಬೇಕೆಂದಿಲ್ಲ. ಬೇಡಡ್ಕವು ‘ಬೇಡಗಂ’ ಆಗಿ ಬಳಕೆಗೆ ಬಂದಾಗ ‘ಅಡ್ಕ’ ಮರೆಯಾಗುತ್ತದೆ, ಅದರೊಡನೆ ನೆಲದ ಗುರುತೂ ಮಸುಕಾಗುತ್ತದೆ. ಇದು ಮಲಯಾಳದೊಡನೆ ಜಗಳದ ಮಾತಲ್ಲ. ಕನ್ನಡ, ತುಳು, ಮಲಯಾಳ, ಮರಾಠಿ, ಬ್ಯಾರಿ ನುಡಿಗಳು ಒಟ್ಟಿಗೆ ಬದುಕಿದ ಈ ನೆಲದಲ್ಲಿ ಕಾಡಿನ ತಿಳಿವು ಯಾವುದೊಂದು ಭಾಷೆಯ ಸೊತ್ತೂ ಅಲ್ಲ. ಕನ್ನಡ ಮಾಧ್ಯಮದ ತರಗತಿಯಲ್ಲಿ ಊರಿನ ತೋಡು, ಸುರಂಗ, ಕಟ್ಟಗಳ ಹೆಸರುಗಳನ್ನು ಮಕ್ಕಳಿಂದಲೇ ಪಟ್ಟಿಮಾಡಿಸಿದರೆ ಅದು ಭಾಷಾಪಾಠವೂ ಆದೀತು, ಪರಿಸರಪಾಠವೂ ಆದೀತು. ಪೇಟೆ ಬೆಳೆಯಲಿ, ‘ಕಾನ’ ಎಂಬುದರ ಅರ್ಥ ಬಲ್ಲವರೂ ಅದರಲ್ಲಿ ಉಳಿಯಲಿ.