ಹಳೆಯ ಲ್ಯಾಪ್‌ಟಾಪಿಗೆ ಹೊಸ ಅಡಾಪ್ಟರು

1983ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟಿಆರ್‌ಎಸ್-80 ಮಾಡೆಲ್ 100 ಎಂಬ ಪುಟ್ಟ ಗಣಕಯಂತ್ರವನ್ನು ನಿರ್ಮಿಸಿದುದು ಜಪಾನಿನ ಕ್ಯೋಸೆರಾ ಸಂಸ್ಥೆ. ಗೋಡೆ ಗಡಿಯಾರಕ್ಕೆ ಹಾಕುವಂಥ ನಾಲ್ಕು ಸೆಲ್ಲುಗಳೇ ಇದಕ್ಕೆ ಆಹಾರ. ಒಂದೊಂದು 1.5 ವೋಲ್ಟಿನವು, ಸಾಲಾಗಿ ಜೋಡಿಸಿದಾಗ 6 ವೋಲ್ಟು. ಇಷ್ಟರಿಂದಲೇ ಸುಮಾರು 20 ಗಂಟೆ ಕೆಲಸ ಸಾಗುವುದು.

ಇದರ ಮೂಲ ಅಡಾಪ್ಟರು ಕಳೆದುಹೋಗಿದ್ದರೆ? ಇಂದು ದೊರೆಯುವ ಬಹುಪಾಲು ಅಡಾಪ್ಟರುಗಳ ಪಿನ್ನಿನಲ್ಲಿ ನಡುಭಾಗವು ಧನಧ್ರುವ. ಈ ಯಂತ್ರಕ್ಕಾದರೋ ಅದು ಋಣಧ್ರುವವಾಗಿರಬೇಕು. ಪಿನ್ನು ಸಲೀಸಾಗಿ ಕೂತಿತೆಂಬ ಮಾತ್ರಕ್ಕೆ ಪ್ರವಾಹವೂ ಸರಿಯಾದ ದಿಕ್ಕಿನಲ್ಲಿ ಹರಿಯುವುದೆಂದು ನಾವು ನಂಬಲಾಗದು. ಧ್ರುವಗಳು ಅದಲುಬದಲಾದರೆ ಒಳಗಿನ ಭಾಗಗಳು ಸುಟ್ಟುಹೋದಾವು. ವೋಲ್ಟು ಕೂಡ 6 ಆಗಿಯೇ ಇರಬೇಕು. ಆದರೆ ಆಂಪಿಯರಿನ ವಿಷಯದಲ್ಲಿ ವಿದ್ಯಾರ್ಥಿಗಳು ಪಡುವ ಭಯ ನಿರಾಧಾರವಾದುದು. ಅಡಾಪ್ಟರಿನ ಮೇಲೆ 2 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲ ಗರಿಷ್ಠ ಮಿತಿ. ಯಂತ್ರವು ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುವುದು. ಬಾವಿ ದೊಡ್ಡದೆಂದು ಕೊಡ ಒಡೆಯುವುದುಂಟೆ!

ನಿಜವಾದ ಶತ್ರು ಒಳಗೇ ಅಡಗಿರುವನು. ವಿದ್ಯುತ್ತು ನಿಂತಾಗಲೂ ಗಣಕದ ಸ್ಮೃತಿ ಅಳಿಯದಿರಲೆಂದು ಒಳಗೆ ಬೆಸೆದಿರುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೇ ಅದು. ದಶಕಗಳುರುಳಿದಂತೆ ಅದರೊಳಗಿನ ಕ್ಷಾರವು ಸೋರಿ, ಮಂಡಲಫಲಕದ ತಾಮ್ರದ ಗೆರೆಗಳನ್ನು ತಿಂದುಹಾಕುವುದು. ಆದುದರಿಂದ ಹಳೆಯ ಮಾಡೆಲ್ 100 ಕೈಗೆ ಬಂದಲ್ಲಿ, ಅಡಾಪ್ಟರನ್ನು ಹುಡುಕುವ ಮೊದಲೇ ಮುಚ್ಚಳ ಬಿಚ್ಚಿ ಈ ಬ್ಯಾಟರಿಯನ್ನು ನಾವು ನೋಡತಕ್ಕದ್ದು.