ಗ್ರಿಪ್ ಇದೆ, ಆಯುಷ್ಯ ಇಲ್ಲ

ರಬ್ಬರು ಕೆಡುವುದು ಹೇಗೆ ಎಂದು ಸುಳ್ಯ ತಾಲೂಕಿನ ಗುತ್ತಿಗಾರಿನ ಕೃಷಿಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸುಳ್ಯದಿಂದ ಎಲಿಮಲೆ ದಾಟಿ ಸುಬ್ರಹ್ಮಣ್ಯದ ಕಡೆಗೆ ಹೋಗುವ ಈ ದಾರಿಯುದ್ದಕ್ಕೂ ತಗ್ಗಿನಲ್ಲಿ ಅಡಿಕೆ, ಗುಡ್ಡದಲ್ಲಿ ರಬ್ಬರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಟ್ಯಾಪಿಂಗಿಗೆ ನಿಂತ ತಾಲೂಕು ಇದು. ರಬ್ಬರಿನ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಷಿನಿಗೆ ಕೊಟ್ಟು ಶೀಟು ಮಾಡಿ, ಹೊಗೆಮನೆಯಲ್ಲಿ ಒಣಗಿಸುವವರಿಗೆ ಒಂದು ಎಚ್ಚರ ಸದಾ ಇರುತ್ತದೆ: ಶೀಟನ್ನು ಬಿಸಿಲಲ್ಲಿ ಬಿಟ್ಟರೆ ಅಂಟಂಟಾಗುತ್ತದೆ, ಗ್ರೇಡು ಇಳಿಯುತ್ತದೆ. ಅದೇ ಅಂಗಳದ ಬದಿಯ ಶೆಡ್ಡಿನಲ್ಲಿ ಅಪ್ಪನ ಕಾಲದ ಮಹೀಂದ್ರ ಜೀಪೋ, ಅಜ್ಜನ ಅಂಬಾಸಿಡರೋ ಅರ್ಧ ನೆರಳು ಅರ್ಧ ಬಿಸಿಲಿನಲ್ಲಿ ನಿಂತಿರುತ್ತದೆ. ಅದರ ನಾಲ್ಕು ಚಕ್ರಗಳಿಗೂ ಸುತ್ತಿಕೊಂಡಿರುವುದು ಅದೇ ಶೀಟಿನ ವಂಶದ ವಸ್ತು. ಆದರೆ ಅದನ್ನು ನೋಡುವಾಗ ಮಾತ್ರ ಕಣ್ಣು ಗ್ರಿಪ್ಪಿನ ಮೇಲಷ್ಟೇ ಹೋಗುತ್ತದೆ. ಗ್ರಿಪ್ ಇದೆಯಲ್ಲ, ಇನ್ನೆರಡು ಮಳೆಗಾಲ ಧಾರಾಳ ಓಡುತ್ತದೆ ಎಂಬ ತೀರ್ಮಾನವೂ ಜತೆಗೇ ಬರುತ್ತದೆ. ದಿನಾ ಬಾಡಿಗೆಗೆ ಹೋಗುವ ಜೀಪಿನ ಮಟ್ಟಿಗೆ ಈ ತೀರ್ಮಾನ ಸರಿ. ಅದರ ಟಯರು ಮುದಿಯಾಗುವ ಮೊದಲೇ ಸವೆದು ಹೋಗುತ್ತದೆ. ಅಪರೂಪಕ್ಕೆ ಓಡುವ ಹಳೆಯ ಗಾಡಿಯಲ್ಲಿ ಲೆಕ್ಕ ತಿರುವುಮುರುವು.

ಕಾರಣ ರಬ್ಬರಿನ ರಸಾಯನದಲ್ಲೇ ಇದೆ. ರಬ್ಬರಿನ ಉದ್ದನೆಯ ಸರಪಣಿಗಳಲ್ಲಿ ಉಳಿದಿರುವ ಜೋಡಿ ಬಂಧಗಳನ್ನು ಗಾಳಿಯಲ್ಲಿರುವ ಓಝೋನು ಕಡಿಯುತ್ತದೆ. ಎಳೆತದಲ್ಲಿರುವ ಜಾಗದಲ್ಲಿ ಮೊದಲು ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಇದನ್ನು ತಡೆಯಲೆಂದು ಕಾರ್ಖಾನೆಯವರು ಟಯರಿನೊಳಗೇ ಮೇಣವನ್ನೂ ಓಝೋನು ನಿರೋಧಕವನ್ನೂ ಬೆರೆಸಿರುತ್ತಾರೆ. ಟಯರು ಉರುಳಿ, ಬಾಗಿ, ಬಿಸಿಯಾದಂತೆಲ್ಲ ಇವು ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾದ ಕವಚ ಕಟ್ಟುತ್ತವೆ. ನಿಂತ ಗಾಡಿಯಲ್ಲಿ ಆ ಬಾಗುವಿಕೆಯೇ ಇಲ್ಲ. ಕವಚ ಸರಿಯಾಗಿ ಕಟ್ಟುವುದಿಲ್ಲ. ಕಣ್ಣಿಗೆ ಕಾಣದ ಇನ್ನೊಂದು ಕೆಲಸ ಒಳಗಡೆ ನಡೆಯುತ್ತಿರುತ್ತದೆ. ತುಂಬಿಸಿದ ಗಾಳಿಯ ಆಮ್ಲಜನಕ ಒತ್ತಡಕ್ಕೆ ಸಿಕ್ಕಿ ರಬ್ಬರಿನ ಮೂಲಕವೇ ನಿಧಾನವಾಗಿ ಹೊರಗೆ ನುಸುಳುತ್ತಾ, ದಾರಿಯಲ್ಲಿ ಅದನ್ನು ಗಡುಸು ಮಾಡುತ್ತದೆ. ರೇಡಿಯಲ್ ಟಯರಿನಲ್ಲಿ ಎರಡು ಉಕ್ಕಿನ ಪಟ್ಟಿಗಳ ನಡುವೆ ಇರುವ ರಬ್ಬರು ಹೀಗೆ ಹಿಡಿತ ಬಿಟ್ಟರೆ ಮೇಲಿನ ಗ್ರಿಪ್ ಪದರ ಸಿಪ್ಪೆಯಂತೆ ಕಿತ್ತು ಬರುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಸುಮಾರು ಇಮ್ಮಡಿ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಸುಡುಬಿಸಿಲಿನ ಫೀನಿಕ್ಸ್ ನಗರದ ಟಯರುಗಳನ್ನು ಪರೀಕ್ಷಿಸಿದಾಗ, ನೆಲವನ್ನೇ ಮುಟ್ಟದ ಸ್ಟೆಪ್ನಿಗಳೂ ಮುಪ್ಪಾಗುತ್ತಿದ್ದುದು ಕಂಡುಬಂತು. ಕಿಲೋಮೀಟರಿನ ಲೆಕ್ಕ ಮಾತ್ರ ನೆಚ್ಚುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಟಯರಿನ ವಯಸ್ಸು ಓದುವುದು ಒಂದು ಕಸುಬು, ಆದರೆ ಕಷ್ಟದ್ದಲ್ಲ. ಪಕ್ಕೆಯ ಮೇಲೆ, ಸಾಮಾನ್ಯವಾಗಿ ಒಂದೇ ಬದಿಯಲ್ಲಿ, ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 3518 ಎಂದಿದ್ದರೆ 2018ನೇ ಇಸವಿಯ 35ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಮುಂದೆ ಪರೀಕ್ಷಿಸುವ ಶ್ರಮ ಬೇಡ, ಬಿಚ್ಚಿಡುವುದೇ ಸರಿ. ಅಂಕಿ ಒಳಬದಿಗೆ ಸಿಕ್ಕಿಹಾಕಿಕೊಂಡಿದ್ದರೆ ಟಾರ್ಚು ಹಿಡಿದು ಅಡಿಗೆ ನುಸುಳಬೇಕು, ಇಲ್ಲವೇ ಮೊಬೈಲು ಒಳಗೆ ಚಾಚಿ ಫೋಟೊ ತೆಗೆಯಬೇಕು. ಆಮೇಲಿನದು ಕೈಯ ಕೆಲಸ. ಗ್ರಿಪ್ ಮುಗಿದು ಪಕ್ಕೆ ಶುರುವಾಗುವ ಭುಜದ ಅಂಚು, ರಿಮ್ಮಿಗೆ ಕೂರುವ ಅಂಚು, ಗ್ರಿಪ್ಪಿನ ಗುಂಡಿಗಳ ತಳ, ಈ ಮೂರು ಕಡೆ ಬಿರುಕು ಹುಡುಕಬೇಕು. ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ ಮತ್ತೆ ನೋಡಬೇಕು, ಏಕೆಂದರೆ ನೆಲಕ್ಕೊತ್ತಿ ಉಬ್ಬಿ ನಿಂತ ಭಾಗದಲ್ಲಿ ಬಿರುಕು ಬಾಯಿ ತೆರೆಯುತ್ತದೆ, ಮೇಲೆ ಹೋದಾಗ ಮುಚ್ಚಿಕೊಳ್ಳುತ್ತದೆ. ಉಗುರಿನಿಂದ ಒತ್ತಿದರೆ ಒಳ್ಳೆಯ ರಬ್ಬರು ಸ್ವಲ್ಪ ಬಗ್ಗಿ ಹಿಂದಿರುಗುತ್ತದೆ. ಮುದಿಯಾದದ್ದು ಒಣ ಹಲಗೆಯಷ್ಟು ಗಟ್ಟಿ. ಪಕ್ಕೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರಗಳು ಕಡಿದಿವೆ ಎಂದೇ ಅರ್ಥ. ಬಿರುಕಿನೊಳಗೆ ದಾರದ ಎಳೆಯೋ ತುಕ್ಕಿನ ಕಲೆಯೋ ಕಂಡರೂ ಮಾತು ಮುಗಿಯಿತು. ಮಳೆಗಾಲವಿಡೀ ನೀರು ಕುಡಿದ ಬಿರುಕಿನಲ್ಲಿ ಉಕ್ಕು ತುಕ್ಕು ಹಿಡಿಯುವುದು ಈ ಸೀಮೆಯಲ್ಲಿ ಸಹಜ. ಕಪ್ಪು ಪಾಲಿಶ್ ಬಳಿದ ಟಯರನ್ನು ಮೊದಲು ಸೋಪು ನೀರಿನಲ್ಲಿ ತೊಳೆಯಬೇಕು. ಮಾರಾಟಕ್ಕೆ ನಿಂತ ಹಳೆಯ ಗಾಡಿಯ ಟಯರು ಅಷ್ಟೊಂದು ಹೊಳೆಯುವುದಕ್ಕೆ ಒಂದು ಕಾರಣ ಇರುತ್ತದೆ.

ಇಷ್ಟೆಲ್ಲ ನೋಡಲು ಫಿಟ್ನೆಸ್ ತಪಾಸಣೆ, ಅಂದರೆ ಎಫ್‌ಸಿ ಇಲ್ಲವೇ ಎಂದು ಕೇಳಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಕಾರು–ಜೀಪುಗಳಿಗೆ ಅಳತೆ ಹೇಳಿ ಕೇಳುವುದು ಗ್ರಿಪ್ಪಿನ ಗುಂಡಿಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು. ಅಪರೂಪಕ್ಕೆ ಓಡಿದ ಗಾಡಿ ಈ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲೇ ಪಾಸಾಗುತ್ತದೆ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ನೋಡಿ: 50 ವರ್ಷ ದಾಟಿದ ವಾಹನಕ್ಕೆ ಪ್ರತ್ಯೇಕ ನೋಂದಣಿ ಕೊಟ್ಟು, ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇವುಗಳಿಗಷ್ಟೇ ರಸ್ತೆಗಿಳಿಯಬಹುದು ಎಂದಿದೆ. ಪರಂಪರೆಯ ದೃಷ್ಟಿಯಿಂದ ಒಳ್ಳೆಯ ನಿಯಮ. ಆದರೆ ಅದರ ಫಲವಾಗಿ ಇಂಥ ವಾಹನ ವರ್ಷದ ಬಹುಪಾಲು ನಿಂತೇ ಇರುತ್ತದೆ, ಅಂದರೆ ಟಯರು ಸವೆಯದೆ ಮುದಿಯಾಗಲು ಬೇಕಾದ ಎಲ್ಲ ಅನುಕೂಲವೂ ಒದಗುತ್ತದೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ನೋಡುವವರು ಬಂಪರಿನ ಹೊಳಪನ್ನೂ ದೀಪದ ಬುರುಡೆಯನ್ನೂ ನೋಡಿ ಬರುತ್ತಾರೆ. ಮ್ಯೂಸಿಯಮ್ಮಿನಲ್ಲಿ ನಿಂತ ಕಾರಿಗೆ ಅಷ್ಟು ಸಾಕು. ಮನೆಯ ಕಾರನ್ನು ಜಾತ್ರೆಗೋ ಮದುವೆಯ ದಿಬ್ಬಣಕ್ಕೋ ಹೊರಡಿಸುವಾಗ ಸಾಲದು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಹಳೆಯ ಜೀಪಿನ 6.00–16 ಟಯರು ನೈಲಾನಿನದು, ಒಳಗೆ ಟ್ಯೂಬು. ಉಕ್ಕಿನ ಪಟ್ಟಿ ಬೇರ್ಪಡುವ ಪ್ರಶ್ನೆಯೇ ಇಲ್ಲ ಎಂಬುದು. ನಿಜ. ಆದರೆ ಪಕ್ಕೆಯ ಬಿರುಕು ನೈಲಾನನ್ನೂ ಬಿಡುವುದಿಲ್ಲ. ಮುದಿ ಟ್ಯೂಬು ಹರಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಟ್ಯೂಬ್‌ಲೆಸ್ಸಿನಂತೆ ಮೆಲ್ಲ ಇಳಿಯುವುದಿಲ್ಲ. ಎರಡನೆಯದು, ನಾವು ಹೋಗುವುದೇ ಮೂವತ್ತು–ನಲವತ್ತರ ವೇಗದಲ್ಲಿ ಎಂಬುದು. ನಿಧಾನ ಹೋದರೆ ಬಿಸಿ ಕಡಿಮೆ, ಅಪಾಯವೂ ಕಡಿಮೆ; ಇದನ್ನು ಒಪ್ಪಲೇಬೇಕು. ಆದರೆ ಗೊಬ್ಬರವೋ ಅಡಿಕೆಯೋ ತುಂಬಿಕೊಂಡು ಮಡಪ್ಪಾಡಿ, ಕಲ್ಮಕಾರುಗಳ ಏರಿಳಿತದಲ್ಲಿ, ಬದಿಯಲ್ಲಿ ತಡೆಗೋಡೆಯೂ ಇಲ್ಲದ ತಿರುವಿನಲ್ಲಿ ಮುಂದಿನ ಚಕ್ರ ಒಡೆದರೆ ನಲವತ್ತರ ವೇಗವೇ ಬೇಕಾದಷ್ಟಾಯಿತು. ಮೂರನೆಯದು ನೇರ ಅನುಮಾನ: ವಯಸ್ಸಿನ ಮಾತೆಲ್ಲ ಟಯರು ಮಾರುವವರ ಉಪಾಯ. ಈ ಅನುಮಾನಕ್ಕೆ ಬುಡವಿಲ್ಲದೆ ಇಲ್ಲ. ಕೆಲವು ವಾಹನ ತಯಾರಕರು ಆರು ವರ್ಷ ಎನ್ನುತ್ತಾರೆ. ಮಿಷಲಿನ್ ಕಂಪನಿ ಐದು ವರ್ಷದ ಬಳಿಕ ವರ್ಷಕ್ಕೊಮ್ಮೆ ಪರೀಕ್ಷೆ, ಹತ್ತಕ್ಕೆ ಬದಲಾವಣೆ ಎನ್ನುತ್ತದೆ. ಒಮ್ಮತವಿಲ್ಲ. ಹಾಗಾಗಿ ಆರು ವರ್ಷವಾಯಿತೆಂದು ಎಲ್ಲವನ್ನೂ ಬಿಸಾಡಬೇಕೆಂಬ ಮಾತನ್ನು ಒಪ್ಪಬೇಕಾಗಿಲ್ಲ. ಅಚ್ಚಾದ ತಾರೀಖು ತೀರ್ಪು ಕೊಡುವುದಿಲ್ಲ. ಕೈ ಹಾಕಿ ನೋಡುವ ಕಾಲ ಬಂತೆಂದಷ್ಟೇ ಹೇಳುತ್ತದೆ. ಹತ್ತು ದಾಟಿದ ಮೇಲೆ ಮಾತ್ರ ಕೈಯ ಸಾಕ್ಷಿಯನ್ನೂ ನಂಬುವಂತಿಲ್ಲ, ಏಕೆಂದರೆ ಆಗಿನ ಹಾನಿ ಹೆಚ್ಚಾಗಿ ಒಳಗೆ.

ಅದಕ್ಕೆ ಒಂದು ಕಹಿ ಪುರಾವೆ ಇಂಗ್ಲೆಂಡಿನದು. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವದಿಂದ ಹಿಂದಿರುಗುತ್ತಿದ್ದವರ ಬಸ್ಸೊಂದು ಸರ್ರೆಯ ಹೈಂಡ್‌ಹೆಡ್ ಬಳಿ ಮರಕ್ಕೆ ಬಡಿದು ಮೂವರು ಸತ್ತರು. ಒಡೆದ ಮುಂಚಕ್ರದ ಟಯರಿಗೆ 19 ವರ್ಷ ದಾಟಿತ್ತು. ಬಸ್ಸಿಗಿಂತಲೂ ಅದೇ ಹಳೆಯದು. ಸತ್ತವರಲ್ಲಿ ಒಬ್ಬ ಹುಡುಗನ ತಾಯಿ ವರ್ಷಗಟ್ಟಲೆ ಹೋರಾಡಿದರು. ಕಡೆಗೆ 2021ರ ಫೆಬ್ರವರಿ 1ರಿಂದ ಬಸ್ಸು, ಲಾರಿಗಳ ಮುಂಚಕ್ರಕ್ಕೆ ಹತ್ತು ವರ್ಷ ಮೀರಿದ ಟಯರು ಅಲ್ಲಿ ನಿಷಿದ್ಧವಾಯಿತು. ಸ್ವಾರಸ್ಯವೆಂದರೆ, ವಾಣಿಜ್ಯ ಬಳಕೆಯಲ್ಲಿಲ್ಲದ, 40 ವರ್ಷ ದಾಟಿದ ಹಳೆಯ ವಾಹನಗಳಿಗೆ ಆ ಕಾನೂನು ವಿನಾಯಿತಿ ಕೊಟ್ಟಿದೆ. ನಮ್ಮ ಕಡೆಯ ಹಳೆ ಗಾಡಿ ಪ್ರಿಯರು ಇದನ್ನೇ ಹಿಡಿದು ವಾದಿಸಬಹುದು. ಅಂಥ ವಾಹನ ಕಡಿಮೆ ಓಡುತ್ತದೆ, ನೂರಾರು ಜನರನ್ನು ಹೊರುವುದಿಲ್ಲ. ವಿನಾಯಿತಿಗೆ ಅಷ್ಟು ಆಧಾರ ಸಾಕು. ಆದರೆ ಗಾಡಿಯ ಮಾಲೀಕ ಯಾರೆಂದು ನೋಡಿ ರಬ್ಬರು ಕೆಡುವುದಿಲ್ಲವಲ್ಲ.

ಇನ್ನು ಉಳಿದದ್ದು ಖರ್ಚಿನ ಮಾತು. ಅಡಿಕೆಯ ಹಳದಿ ಎಲೆ ರೋಗಕ್ಕೆ ತೋಟ ಒಪ್ಪಿಸಿದ ಮನೆಯವರಿಗೆ ನಾಲ್ಕು ಹೊಸ ಟಯರು ಸಣ್ಣ ಖರ್ಚಲ್ಲ. ಎರಡೇ ಕೊಳ್ಳುವುದಾದರೆ, ಇದ್ದುದರಲ್ಲಿ ತೀರಾ ಮುದಿಯಾದ ಎರಡನ್ನು ಗುರುತಿಸಿ ಮೊದಲು ಅವನ್ನು ಕೀಳಬೇಕು. ಕಿತ್ತದ್ದನ್ನು ಸ್ಟೆಪ್ನಿಯೆಂದು ಇಟ್ಟುಕೊಳ್ಳಬಾರದು, ದಾರಿಯಲ್ಲಿ ಕೈಕೊಟ್ಟಾಗ ಅದೇ ಮತ್ತೆ ಚಕ್ರಕ್ಕೇರುತ್ತದೆ. ಟಯರು ಬದಲಿಸುವಾಗ ಟ್ಯೂಬೂ ಹೊಸದೇ ಇರಲಿ. ಹಳೆಯ ಸೈಜಿನ ಟಯರು ಅಂಗಡಿಯಲ್ಲಿ ಬೇಗ ಖರ್ಚಾಗುವುದಿಲ್ಲ, ವರ್ಷಗಟ್ಟಲೆ ಅಟ್ಟದಲ್ಲಿ ಕೂತಿರಬಹುದು. ಆದ್ದರಿಂದ ಹಣ ಕೊಡುವ ಮೊದಲು ನಾಲ್ಕು ಅಂಕಿ ಓದಿಕೊಳ್ಳಬೇಕು. ರಿಮ್ಮಿಗೆ ಕೂರಿಸುವಾಗ, ಟಯರಿಗೆ ತಿರುಗುವ ದಿಕ್ಕಿನ ಬಾಣವಾಗಲಿ ಒಳಬದಿ–ಹೊರಬದಿಯ ಗುರುತಾಗಲಿ ಇಲ್ಲದಿದ್ದರೆ, ಆ ಅಂಕಿ ಇರುವ ಮಗ್ಗುಲನ್ನು ಹೊರಕ್ಕೆ ಹಾಕಲು ಅಂಗಡಿಯವನಿಗೆ ಹೇಳಬೇಕು. ಅದಕ್ಕೆ ಹೆಚ್ಚು ದುಡ್ಡಿಲ್ಲ. ಮುಂದಿನ ಸಲ ಯಾರೂ ಗಾಡಿಯಡಿ ಮಲಗಬೇಕಾಗುವುದಿಲ್ಲ.