ಮನೆಯ ವಿಮಾನ ಸುಗಮವಾಗಿ ಹಾರಬೇಕಾದರೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಹೊಸ ಬೇಡಿಕೆ ಕಿವಿಗೆ ಬೀಳುತ್ತಿದೆ. ಹಿಂದೆ ಮಕ್ಕಳು ಸೈಕಲ್ಲು ಬೇಡುತ್ತಿದ್ದರು. ಆಮೇಲೆ ಕಂಪ್ಯೂಟರು ಬೇಡಿದರು. ಈಗ ಕಂಪ್ಯೂಟರು ಮನೆಯಲ್ಲಿದ್ದೂ ಅದರೊಳಗಿನ ಗ್ರಾಫಿಕ್ಸ್ ಕಾರ್ಡನ್ನು ಬದಲಿಸಬೇಕೆಂದು ಹಟ ಹಿಡಿಯುತ್ತಾರೆ. ಕಾರ್ಡಿನ ಬೆಲೆಯೋ ಹತ್ತಾರು ಸಾವಿರ ರೂಪಾಯಿಗಳ ಮಾತು. ಮನೆಸಾಲದ ಕಂತು, ಶಾಲೆಯ ಫೀ, ರೈಲಿನ ಪಾಸು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು ಇವನ್ನೆಲ್ಲ ಕಳೆದ ಮೇಲೆ ಸಂಬಳದಾರನ ಕೈಯಲ್ಲಿ ಉಳಿಯುವುದೆಷ್ಟೆಂಬುದನ್ನು ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ತಂದೆ ಆಗದೆನ್ನುತ್ತಾನೆ, ಮಗ ಮುಖ ಊದಿಸುತ್ತಾನೆ, ತಾಯಿ ಇಬ್ಬರ ನಡುವೆ ಸಿಕ್ಕಿ ತೊಳಲುತ್ತಾಳೆ. ಈ ಜಗಳದಲ್ಲಿ ಯಾರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಆಟ ತಡವರಿಸುವುದಕ್ಕೆ ಕಾರಣ ಕಾರ್ಡೇ ಹೌದೇ? ಹಣ ಎಣಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬಹುದು. ಅದಕ್ಕೆ ಬೇಕಾದುದು ಒಂದು ಭಾನುವಾರ ಮತ್ತು ಒಂದು ನೋಟುಬುಕ್ಕು ಮಾತ್ರ.

ಉದಾಹರಣೆಗಾಗಿ ಮನೆಮಂದಿಯೆಲ್ಲ ಕೂತು ನೋಡಬಹುದಾದ ಆಟವೊಂದನ್ನು ತೆಗೆದುಕೊಳ್ಳೋಣ. ಮೈಕ್ರೋಸಾಫ್ಟ್ ಸಂಸ್ಥೆಯ ‘ಫ್ಲೈಟ್ ಸಿಮ್ಯುಲೇಟರ್’ 1982ರಿಂದ ನಡೆದುಬಂದ ಹೆಸರು. ಫ್ರಾನ್ಸ್ ದೇಶದ ಬೋರ್ಡೋ ನಗರದ ಅಸೋಬೋ ಸ್ಟುಡಿಯೋದವರು ರಚಿಸಿದ ಅದರ ಹೊಸ ರೂಪ 2020ರ ಆಗಸ್ಟ್‌ನಲ್ಲಿ ಹೊರಬಂದಿತು. ಇನ್ನೊಂದು ಆವೃತ್ತಿ 2024ರ ನವೆಂಬರಿನಲ್ಲಿ ಬಂದಿತು. ಇದರಲ್ಲಿ ಗುಂಡು ಹೊಡೆಯುವುದಿಲ್ಲ, ರಕ್ತ ಹರಿಯುವುದಿಲ್ಲ. ಉಪಗ್ರಹ ಮತ್ತು ವಿಮಾನಗಳಿಂದ ತೆಗೆದ ಚಿತ್ರಗಳ ಆಧಾರದಿಂದ ಇಡೀ ಭೂಮಂಡಲವನ್ನೇ ಕಟ್ಟಿದ್ದಾರೆ. ಆಟಗಾರನು ವಿಮಾನ ನಡೆಸಬೇಕು, ಅಷ್ಟೇ. ಮುಂಬಯಿಯಿಂದ ಹೊರಟು ಠಾಣೆಯ ಖಾಡಿಯನ್ನು ದಾಟಿ, ಸಹ್ಯಾದ್ರಿಯ ಮೇಲೆ ಸಾಗಿ, ಹುಬ್ಬಳ್ಳಿಯಲ್ಲಿ ಇಳಿಯಬಹುದು. ನೆಟ್ಟಗೆ ಹಾರಿದರೆ ಸುಮಾರು 475 ಕಿಲೋಮೀಟರು. ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಎರಡು ಗಂಟೆಗೆ ತುಸು ಮೇಲೆ ಬೇಕಾಗುತ್ತದೆ. ಆದರೆ ಈ ಆಟದಷ್ಟು ಕಂಪ್ಯೂಟರನ್ನು ಹಿಂಡುವ ಆಟಗಳು ವಿರಳ. ದಾರಿಯುದ್ದಕ್ಕೂ ಚೆನ್ನಾಗಿದ್ದ ಚಿತ್ರ, ರನ್‌ವೇ ಕಣ್ಣಿಗೆ ಬೀಳುತ್ತಲೇ ಬಿಕ್ಕಳಿಸತೊಡಗುತ್ತದೆ. ಮಂಗಳೂರಿನ ಬಜ್ಪೆಯಂಥ ಗುಡ್ಡದ ನೆತ್ತಿಯ ರನ್‌ವೇಯಲ್ಲಿ ಇಳಿಯುವಾಗ ಅರ್ಧ ಸೆಕೆಂಡು ಚಿತ್ರ ನಿಂತಿತೆಂದರೆ ಎರಡು ಗಂಟೆಯ ಪ್ರಯಾಣವೆಲ್ಲ ಮಣ್ಣುಪಾಲು.

ಬಿಕ್ಕಳಿಕೆಯ ಮರ್ಮವನ್ನು ಅರಿಯಲು ನಮಗೆ ಲೋಕಲ್ ರೈಲಿಗಿಂತ ಒಳ್ಳೆಯ ಗುರು ಸಿಕ್ಕಲಾರದು. ಪರದೆಯ ಮೇಲೆ ಕಾಣುವ ಚಲನೆ ಎಂಬುದು ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳು. ಇವಕ್ಕೆ ಫ್ರೇಮು ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮು ಬರಬೇಕಾದರೆ ಒಂದೊಂದಕ್ಕೂ ಸಿಗುವ ಕಾಲ ಸೆಕೆಂಡಿನ ಸಾವಿರದಲ್ಲಿ ಸುಮಾರು 16.7 ಪಾಲು; 30 ಸಾಕೆಂದರೆ 33.3 ಪಾಲು. ಒಂದು ಗಂಟೆಯಲ್ಲಿ 15 ಲೋಕಲ್ ಬರುತ್ತವೆಯೆಂದು ಇಟ್ಟುಕೊಳ್ಳಿ. ನಾಲ್ಕು ನಿಮಿಷಕ್ಕೊಂದರಂತೆ ಬಂದರೆ ಡೊಂಬಿವಲಿಯ ಪ್ಲಾಟ್‌ಫಾರಮ್ಮಿನಲ್ಲಿ ಯಾರೂ ಗೊಣಗುವುದಿಲ್ಲ. ಅದೇ 15 ಗಾಡಿಗಳು ಮೂರು ಮೂರು ಒಟ್ಟಿಗೆ ಬಂದು ನಡುವೆ ಹತ್ತು ಹನ್ನೆರಡು ನಿಮಿಷ ಏನೂ ಬಾರದಿದ್ದರೆ? ಲೆಕ್ಕದಲ್ಲಿ ಸರಾಸರಿ ಒಂದೇ. ಅನುಭವಿಸುವವನ ಪಾಡು ಬೇರೆ. ಆಟದಲ್ಲಿಯೂ ಹೀಗೆಯೇ. ಸರಾಸರಿ 50 ಇದ್ದು ನಡುನಡುವೆ 15ಕ್ಕೆ ಕುಸಿಯುವುದಕ್ಕಿಂತ, ಒಂದೇ ಸಮನೆ 30 ಬರುವುದು ಕಣ್ಣಿಗೆ ಹಿತ. ಆದುದರಿಂದ ನಮ್ಮ ಗುರಿ ಫ್ರೇಮುಗಳ ಸಂಖ್ಯೆಯಲ್ಲ, ಅವುಗಳ ನಿಯಮಿತತನ.

ಇನ್ನು ತಡ ಎಲ್ಲಿ ಆಗುತ್ತದೆಂಬ ವಿಚಾರ. ಒಂದೊಂದು ಫ್ರೇಮಿಗೂ ಇಬ್ಬರು ದುಡಿಯುತ್ತಾರೆ. ವಿಮಾನ ಎಲ್ಲಿದೆ, ಗಾಳಿ ಹೇಗಿದೆ, ಯಾವ ಮನೆ, ಯಾವ ಮರ ಕಾಣಬೇಕು ಎಂಬುದನ್ನೆಲ್ಲ ನಿರ್ಧರಿಸಿ ಆಜ್ಞೆ ಕೊಡುವುದು ಪ್ರೊಸೆಸರು. ಆಜ್ಞೆಯಂತೆ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡು. ನಮ್ಮಂಥ ಕಾರಕೂನರಿಗೆ ಇದು ಕೂಡಲೇ ಅರ್ಥವಾಗುವ ಸಂಗತಿ. ಸಾಹೇಬರ ಮೇಜಿನ ಮೇಲೆ ಫೈಲುಗಳು ಸಹಿಗಾಗಿ ಬಿದ್ದಿರುವಾಗ, ಕೆಳಗೆ ಇನ್ನಿಬ್ಬರು ಟೈಪಿಸ್ಟರನ್ನು ನೇಮಿಸಿದರೆ ಟಪಾಲು ಬೇಗ ಹೊರಡುವುದೇ? ಅವರು ಕೈಕಟ್ಟಿ ಕೂತು ಸಂಬಳ ತಿಂದಾರು, ಅಷ್ಟೆ. ಠಾಣೆ–ದಿವಾ ನಡುವೆ ಐದನೆಯ ಮತ್ತು ಆರನೆಯ ಹಳಿಗಳನ್ನು ಹಾಕಿ 2022ರ ಫೆಬ್ರವರಿಯಲ್ಲಿ ತೆರೆದುದು ಏಕೆ? ದೂರದ ಗಾಡಿಗಳೂ ಲೋಕಲ್‌ಗಳೂ ಅಲ್ಲಿ ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಇಕ್ಕಟ್ಟು ಇದ್ದ ಜಾಗದಲ್ಲಿಯೇ ಹಳಿ ಹಾಕಬೇಕು. ಬೇರೆಲ್ಲಿ ಹಾಕಿದರೂ ಹಣ ವ್ಯರ್ಥ.

ಇಕ್ಕಟ್ಟನ್ನು ಕಂಡುಹಿಡಿಯಲು ಈ ಆಟದಲ್ಲಿಯೇ ಒಂದು ಉಪಾಯವಿದೆ. ಸೆಟ್ಟಿಂಗುಗಳಲ್ಲಿ ‘ಡೆವಲಪರ್ ಮೋಡ್’ ಎಂಬುದನ್ನು ತೆರೆದು ಫ್ರೇಮು ಎಣಿಸುವ ಪಟ್ಟಿಯನ್ನು ಪರದೆಯ ಮೇಲೆ ತರಬಹುದು. ಆ ಪಟ್ಟಿ ಬರಿಯ ಸಂಖ್ಯೆ ತೋರಿಸಿ ಸುಮ್ಮನಾಗುವುದಿಲ್ಲ. ತಡ ‘ಜಿಪಿಯು’ದಿಂದ, ಅಂದರೆ ಕಾರ್ಡಿನಿಂದ, ಆಗುತ್ತಿದೆಯೇ ಅಥವಾ ‘ಮೇನ್ ಥ್ರೆಡ್’ದಿಂದ, ಅಂದರೆ ಪ್ರೊಸೆಸರಿನಿಂದ, ಆಗುತ್ತಿದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆದು ತೋರಿಸುತ್ತದೆ. ಅಳೆಯುವಾಗ ಮಾತ್ರ ನಿಯಮ ಬೇಕು: ಅದೇ ವಿಮಾನ, ಅದೇ ನಿಲ್ದಾಣ, ಅದೇ ಹೊತ್ತು, ಅದೇ ಹವೆ. ಇಂದು ಮೋಡ, ನಾಳೆ ಬಿಸಿಲು ಇಟ್ಟು ಹೋಲಿಸಿದರೆ ಲೆಕ್ಕ ಕೂಡುವುದಿಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟಿಂಗು ಬದಲಿಸಿ, ಫಲವನ್ನು ನೋಟುಬುಕ್ಕಿನಲ್ಲಿ ಬರೆದಿಡಬೇಕು.

ಪಟ್ಟಿಯಲ್ಲಿ ಕಾರ್ಡಿನ ಹೆಸರು ಬಂದಿತೆನ್ನಿ. ಆಗ ಚಿತ್ರದ ಆಡಂಬರವನ್ನು ತಗ್ಗಿಸಬೇಕು. ಎಲ್ಲಕ್ಕಿಂತ ದೊಡ್ಡ ಹೊರೆ ರೆಸೊಲ್ಯೂಶನ್, ಅಂದರೆ ಚಿತ್ರದಲ್ಲಿನ ಚುಕ್ಕೆಗಳ ಸಂಖ್ಯೆ. 1920ಕ್ಕೆ 1080 ಅಳತೆಯ ಪರದೆಯಲ್ಲಿ 20,73,600 ಚುಕ್ಕೆಗಳು. ಒಂದೊಂದು ಫ್ರೇಮಿಗೂ ಇಷ್ಟನ್ನು ಬರೆಯಬೇಕು. ‘ರೆಂಡರ್ ಸ್ಕೇಲಿಂಗ್’ ಎಂಬಲ್ಲಿ 100 ಇದ್ದುದನ್ನು 80 ಮಾಡಿದರೆ ಅಗಲವೂ ಎತ್ತರವೂ ಕುಗ್ಗುವುದರಿಂದ ಬರೆಯಬೇಕಾದ ಚುಕ್ಕೆಗಳು 64 ಪಾಲಿಗೆ ಇಳಿಯುತ್ತವೆ. ವಿಮಾನದೊಳಗಿನ ಗಡಿಯಾರಗಳ ಸಣ್ಣ ಅಕ್ಷರ ತುಸು ಮಸುಕಾದೀತು. ಅದು ಸೈರಣೆಗೆ ಮೀರಿದರೆ 90ರಲ್ಲಿ ನಿಲ್ಲಿಸಬಹುದು. ಎರಡನೆಯದು ಮೋಡಗಳು. ಈ ಆಟದ ಮೋಡಗಳು ಬಣ್ಣ ಬಳಿದ ಪರದೆಗಳಲ್ಲ. ಅವುಗಳ ದಪ್ಪವನ್ನೂ ಬೆಳಕನ್ನೂ ಲೆಕ್ಕ ಹಾಕಿ ಬರೆಯಲಾಗುತ್ತದೆ. ಅವನ್ನು ‘ಅಲ್ಟ್ರಾ’ದಿಂದ ‘ಹೈ’ಗೆ ಇಳಿಸಿದರೆ ಕಣ್ಣಿಗೆ ಆಗುವ ನಷ್ಟ ಅಲ್ಪ, ಕಾರ್ಡಿಗೆ ಸಿಗುವ ವಿಶ್ರಾಂತಿ ಬಹಳ. ನೆರಳುಗಳು, ನೀರಿನ ಮೇಲಿನ ಪ್ರತಿಬಿಂಬಗಳು, ಮೂಲೆಮೂಲೆಗಳ ಮಬ್ಬು ಇವೂ ಇದೇ ಜಾತಿಯವು. ಆದರೆ ನೆಲ, ಗೋಡೆಗಳ ಮೈಮಾಟವನ್ನು ಹೇಳುವ ‘ಟೆಕ್ಸ್‌ಚರ್’ ಎಂಬುದನ್ನು ಆತುರದಿಂದ ಇಳಿಸಬಾರದು. ಕಾರ್ಡಿನ ಸ್ವಂತ ಮೆಮರಿಯಲ್ಲಿ ಅದಕ್ಕೆ ಜಾಗವಿರುವ ತನಕ ಅದು ವೇಗವನ್ನು ಹೆಚ್ಚಾಗಿ ಕೆಡಿಸುವುದಿಲ್ಲ. ಜಾಗ ತುಂಬಿದ ಮೇಲೆ ಮಾತ್ರ ಎಳೆದಾಟ ಶುರುವಾಗುತ್ತದೆ.

ಪಟ್ಟಿಯಲ್ಲಿ ಮೇನ್ ಥ್ರೆಡ್ಡಿನ ಹೆಸರು ಬಂದರೆ ಮೇಲಿನವನ್ನೆಲ್ಲ ಇಳಿಸಿ ಪ್ರಯೋಜನವಿಲ್ಲ. ಆಗ ಕೈ ಹಾಕಬೇಕಾದ ಗುಂಡಿಗಳೇ ಬೇರೆ. ಎಷ್ಟು ದೂರದವರೆಗೆ ಬೆಟ್ಟಗುಡ್ಡಗಳ ವಿವರ ಬೇಕೆಂಬುದನ್ನು ನಿರ್ಧರಿಸುವ ‘ಟೆರೇನ್ ಲೆವೆಲ್ ಆಫ್ ಡೀಟೇಲ್’, ಮನೆಮಾರುಗಳಿಗೆ ಸಂಬಂಧಿಸಿದ ಅದರ ಜೋಡಿ, ಆಕಾಶದಲ್ಲಿಯೂ ನಿಲ್ದಾಣದಲ್ಲಿಯೂ ಓಡಾಡುವ ಇತರ ವಿಮಾನ, ಬಂಡಿಗಳ ದಟ್ಟಣೆ, ವಿಮಾನದ ಗಾಜಿನ ಫಲಕಗಳು ಎಷ್ಟು ಬೇಗ ಬದಲಾಗಬೇಕೆಂಬುದು — ಇವು ಪ್ರೊಸೆಸರಿನ ತಲೆಯ ಮೇಲಿನ ಭಾರ. ಮುಂಬಯಿಯಂಥ ದೊಡ್ಡ ನಿಲ್ದಾಣದಲ್ಲಿ ಇಳಿಯುವಾಗಲೇ ಬಿಕ್ಕಳಿಕೆ ಹೆಚ್ಚಾಗುವುದು ಈ ದಟ್ಟಣೆಯಿಂದ.

ಕಲ್ಯಾಣದಲ್ಲಿರುವ ನಮ್ಮಕ್ಕನ ಮನೆಯಲ್ಲಿ ಈ ವರ್ಷ ನಡೆದುದೂ ಇದೇ. ಕಾಲೇಜಿನಲ್ಲಿ ಓದುತ್ತಿರುವ ಅಳಿಯ, “ಮಾಮಾ, ಕಾರ್ಡು ಹಳೇದಾಗೇತಿ, ಅದಕ್ಕ ಹಿಂಗ ಆಗಲಿಕ್ಕತ್ತೈತಿ. ನೀವರೆ ಅಪ್ಪಾಗ ಹೇಳ್ರಿ” ಎಂದು ನಮ್ಮನ್ನೇ ವಕೀಲರನ್ನಾಗಿ ಮಾಡಹೊರಟಿದ್ದನು. ಭಾವನವರು ಕ್ರೆಡಿಟ್ ಸೊಸೈಟಿಯ ಸಾಲದ ಅರ್ಜಿಯನ್ನು ಆಗಲೇ ತಂದಿಟ್ಟಿದ್ದರು. ಅರ್ಜಿ ತುಂಬುವ ಮೊದಲು ಪಟ್ಟಿ ನೋಡೋಣವೆಂದು ಕೂತೆವು. ಪಟ್ಟಿ ಹೇಳಿದ್ದು ಮೇನ್ ಥ್ರೆಡ್ಡಿನ ಹೆಸರು. ಹೊಸ ಕಾರ್ಡು ಬಂದಿದ್ದರೂ ಅದು ಕೈಕಟ್ಟಿ ಕೂತಿರುತ್ತಿತ್ತು. ದಟ್ಟಣೆಯನ್ನು ತಗ್ಗಿಸಿ, ದೂರದ ವಿವರವನ್ನು ಅರ್ಧಕ್ಕೆ ಇಳಿಸಿ, ಫ್ರೇಮನ್ನು 30ಕ್ಕೆ ಕಟ್ಟಿಹಾಕಿದ ಮೇಲೆ ಬಿಕ್ಕಳಿಕೆ ಬಹುಮಟ್ಟಿಗೆ ನಿಂತಿತು. ಅಂದು ಸಂಜೆ ಅಳಿಯ ಹುಬ್ಬಳ್ಳಿಯ ದಾರಿಯಲ್ಲಿ ತುಸು ಎಡಕ್ಕೆ ವಾಲಿ ಸವದತ್ತಿಯ ಮೇಲೆ ಹಾರಿಸಿದನು. ಅವನ ಅಜ್ಜಿ ಕನ್ನಡಕ ಏರಿಸಿಕೊಂಡು ಬಂದು, “ಅಯ್ಯ, ಇದು ನಮ್ಮ ನವಿಲುತೀರ್ಥದ ನೀರಲ್ಲೇನೋ!” ಎಂದರು. ಮಂಡಿನೋವಿನಿಂದ ಅವರು ಊರಿಗೆ ಹೋಗದೆ ಬಹಳ ವರ್ಷಗಳಾಗಿದ್ದವು. ಮಲಪ್ರಭೆಯ ಆ ನೀರು ಪರದೆಯ ಅಂಚಿನಲ್ಲಿ ಮರೆಯಾಗುವ ತನಕ ಅವರು ಕುರ್ಚಿ ಬಿಟ್ಟೇಳಲಿಲ್ಲ. ಸಾಲದ ಅರ್ಜಿ ಮಡಿಚಿ ಕಪಾಟು ಸೇರಿತು.

ಹಾಗೆಂದು ಎಲ್ಲರ ಮನೆಯಲ್ಲಿಯೂ ಸೆಟ್ಟಿಂಗುಗಳಿಂದಲೇ ಎಲ್ಲವೂ ಸರಿಹೋಗುವುದೆಂದು ನಾವು ಹೇಳುತ್ತಿಲ್ಲ. 2020ರ ಆವೃತ್ತಿಗೆ ಕನಿಷ್ಠ 8 ಜಿಬಿ, ಹಿತವಾಗಿ ಆಡಲು 16 ಜಿಬಿ ರ‍್ಯಾಮ್ ಬೇಕೆಂದು ಕಂಪನಿಯವರೇ ತಿಳಿಸಿದ್ದರು. 2024ರ ಆವೃತ್ತಿಗೆ ಕನಿಷ್ಠವೇ 16, ಹಿತಕ್ಕೆ 32. ಇದಕ್ಕಿಂತ ಕಡಿಮೆಯಿದ್ದರೆ ಮೊದಲು ರ‍್ಯಾಮ್ ಹಾಕಿಸುವುದು ಜಾಣತನ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಆಟವಿದ್ದರೆ ಅದನ್ನು ಎಸ್‌ಎಸ್‌ಡಿಗೆ ಸಾಗಿಸಬೇಕು. ನೆಲದ ಚಿತ್ರಗಳು ಇಂಟರ್‌ನೆಟ್ಟಿನ ಮೂಲಕ ಆಗಿಂದಾಗ ಬರುವುದರಿಂದ, ಮನೆಯವರೆಲ್ಲ ಒಟ್ಟಿಗೆ ಸಿನೆಮಾ ನೋಡುವ ಹೊತ್ತಿನಲ್ಲಿ ಊರುಕೇರಿಗಳು ಕರಗಿದ ಮೇಣದಂತೆ ಕಂಡರೆ ಅದಕ್ಕೆ ಕಾರ್ಡನ್ನು ದೂರಬಾರದು. ಇನ್ನು ನಮ್ಮ ಕಡಲತೀರದ ಸೆಕೆ ಯಾರಿಗೆ ತಿಳಿಯದು! ಗೋಡೆಗೆ ಒತ್ತಿಟ್ಟ, ಧೂಳು ತುಂಬಿದ ಪೆಟ್ಟಿಗೆ ಕಾದು, ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ಪಾವು ಗಂಟೆ ಚೆನ್ನಾಗಿ ನಡೆದು ಆಮೇಲೆ ಕುಂಟುವ ಆಟಕ್ಕೆ ಬಹುತೇಕ ಇದೇ ಕಾರಣ. ಫ್ಯಾನುಗಳ ಧೂಳು ತೆಗೆಸಿ, ಸುತ್ತ ಗೇಣುದ್ದ ಗಾಳಿಗೆ ಜಾಗ ಬಿಡಬೇಕು. ಫ್ರೇಮಿಗೆ ಮಿತಿ ಹಾಕುವುದರಿಂದ ಶಾಖವೂ ವಿದ್ಯುತ್ತಿನ ಬಿಲ್ಲೂ ಕಡಿಮೆಯಾಗುತ್ತವೆ. ವಿಮಾನದಾಟಕ್ಕೆ 30 ಸಾಕು; ಕಾರು ಓಡಿಸುವ, ಚುರುಕಾಗಿ ಕೈಯಾಡಿಸಬೇಕಾದ ಆಟಗಳಿಗೆ 60 ಇದ್ದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಬರುತ್ತಿದ್ದರೆ, ಚಿತ್ರವನ್ನು ಇನ್ನು ತಗ್ಗಿಸಲಾಗದಿದ್ದರೆ, ಆಗ ಕಾರ್ಡು ಬದಲಿಸುವ ಮಾತು ನ್ಯಾಯವಾದುದು. ಆಗ ತಂದೆಯೂ ಮಗನೂ ಕೂಡಿ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಗೆ ಹೋಗಲಿ. ಕೈಯಲ್ಲಿ ನೋಟುಬುಕ್ಕು ಇರುವುದರಿಂದ ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗಿ ಬರುವುದಿಲ್ಲ. ತಮಗೆ ಬೇಕಾದುದೆಷ್ಟೋ ಅಷ್ಟನ್ನೇ ಕೇಳಿ ತರಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ; ಅವರು ಕೇಳಿಸಿಕೊಳ್ಳುವುದು ಕಡಿಮೆ. ಆದರೆ ಯಾವುದು ಅಗತ್ಯ, ಯಾವುದು ಅಲಂಕಾರ ಎಂಬುದನ್ನು ಅವರೇ ಅಳೆದು, ಬರೆದು, ತೀರ್ಮಾನಿಸುವ ಪಾಠ ಈ ಸೆಟ್ಟಿಂಗುಗಳ ಪುಟದಲ್ಲಿದೆ. ಮುಂದಿನ ಭಾನುವಾರ ಮಗನೊಡನೆ ಒಂದು ಗಂಟೆ ಆ ಪುಟದ ಮುಂದೆ ಕೂಡಿರೆಂದು ತಂದೆತಾಯಂದಿರಲ್ಲಿ ನಮ್ಮ ವಿನಂತಿ.